ದೀಪದ ಮೇಲೆ ಒಂದು ಚೂರು ಟೇಪು

ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿನ ಮೇಲೆ, ಮೊಮ್ಮಗಳು ಅಂಟಿಸಿದ ಚಿಟ್ಟೆಗೂ ಗ್ಯಾಸಿನವನ ಫೋನ್ ನಂಬರಿಗೂ ನಡುವೆ, ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಚೂರು ಕಪ್ಪು ಟೇಪು ಅಂಟಿಕೊಂಡಿದೆ. ವೈರಿಗೆ ಸುತ್ತುವ ಮಾಮೂಲಿ ಇನ್ಸುಲೇಷನ್ ಟೇಪು. ಮನೆಗೆ ಬಂದವರಲ್ಲಿ ಅಚ್ಚುಕಟ್ಟಿನ ಸ್ವಭಾವದವರು ಮಾತಾಡುತ್ತಾ ಮಾತಾಡುತ್ತಾ ಅದನ್ನು ಉಗುರಿನಿಂದ ಕೆರೆಯಲು ಹೋಗುತ್ತಾರೆ. ನಾನು ಮುಟ್ಟಬೇಡಿ ಎಂದಾಗ ಅವರ ಮುಖದಲ್ಲಿ ಮೂಡುವ ಗಲಿಬಿಲಿಯನ್ನು ನೋಡಲಾರದೆ ನನ್ನ ಗಂಡ ಪಕ್ಕದ ಕೋಣೆಗೆ ಹೋಗಿಬಿಡುತ್ತಾರೆ. ಬೇರೆಯವರು ಫ್ರಿಜ್ಜಿನ ಮೇಲೆ ದೇವರ ಚಿತ್ರ ಇಟ್ಟುಕೊಳ್ಳುತ್ತಾರೆ, ನಾನು ನನ್ನ ಸಿಟ್ಟನ್ನು ಇಟ್ಟುಕೊಂಡಿದ್ದೇನೆ. ನಿಮಗೆ ಪುರುಸೊತ್ತಿದ್ದರೆ ಅದರ ಕಥೆ ಹೇಳುತ್ತೇನೆ. ಪುರುಸೊತ್ತಿಲ್ಲದಿದ್ದರೂ ಹೇಳುತ್ತೇನೆ, ಯಾಕೆಂದರೆ ಆ ಸಿಟ್ಟು ಇನ್ನೂ ಆರಿಲ್ಲ.

ಟೇಪು ನನ್ನ ಕಾರಿನದು. ಕಾರೆಂದರೆ ನೀವು ಮನಸ್ಸಿನಲ್ಲಿ ಚಿತ್ರಿಸಿಕೊಂಡ, ಮದುವೆಮನೆಗೆ ಐದು ಜನ ಕೂತು ಹೋಗುವ ಬಿಳಿ ಕಾರಲ್ಲ. ಎರಡೇ ಬಾಗಿಲಿನ, ಹಿಂದಿನ ಸೀಟಿನಲ್ಲಿ ಒಂದು ಕಾಫಿ ಚೀಲವನ್ನೂ ನೆಟ್ಟಗೆ ಕೂರಿಸಲಾಗದ, ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ತಾಗಿಸಿಕೊಂಡು ನರಳುವ, ಜಪಾನಿನಲ್ಲಿ ಹುಟ್ಟಿ ಯಾರ್‍ಯಾರದೋ ಕೈ ದಾಟಿ ಬಂದ ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಅದನ್ನು ಕೊಂಡವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ, ಹಾನುಬಾಳಿನ ಹತ್ತಿರ ನಾಲ್ಕು ಗಿಡ ಕಾಫಿ ಇಟ್ಟುಕೊಂಡಿರುವ, ಮಂಡಿನೋವಿನ ಹೆಂಗಸು. ಊರಿನವರು ನಕ್ಕರು. ನಗಲಿ, ನಗುವುದಕ್ಕೆ ಊರಿನಲ್ಲಿ ಇನ್ನೇನಿದೆ. ಅವರಿಗೆ ಗೊತ್ತಿಲ್ಲದ್ದೆಂದರೆ, ಆ ಕಾರನ್ನು ಕೊಂಡವಳು ನಾನೊಬ್ಬಳೇ ಅಲ್ಲ, ನನ್ನೊಳಗೆ ಇನ್ನೂ ಕಟ್ಟೆಯ ಮೇಲೆ ನಿಂತೇ ಇದ್ದ ಇಬ್ಬರು ಹುಡುಗಿಯರು.

ನಾವು ಚಿಕ್ಕವರಿದ್ದಾಗ ಎಸ್ಟೇಟ್ ರಸ್ತೆಗಳಲ್ಲಿ ಕಾರುಗಳ ರ್‍ಯಾಲಿ ನಡೆಯುತ್ತಿತ್ತು. ನಾನು ಮತ್ತು ನನ್ನ ಅಕ್ಕ ಜಯ, ಎಸ್ಟೇಟಿನ ಸ್ಟೋರಿನ ಮುಂದಿನ ಕಲ್ಲುಕಟ್ಟೆಯ ಮೇಲೆ ನಿಂತು ಕಾಯುತ್ತಿದ್ದೆವು. ಮೊದಲು ದೂರದ ತಿರುವಿನಲ್ಲಿ ಸದ್ದು, ಆಮೇಲೆ ಕೆಂಪು ಧೂಳು, ಆಮೇಲೆ ಧೂಳಿನೊಳಗಿಂದ ಏನೋ ಒಂದು ಹಾರಿ ಹೋದಂತೆ ಕಾರು. ಅದು ಹೋದ ಮೇಲೂ ಎಷ್ಟೋ ಹೊತ್ತು ಅಕ್ಕ ನನ್ನ ಕೈ ಬಿಡುತ್ತಿರಲಿಲ್ಲ. ಕಣ್ಣುರೆಪ್ಪೆಯವರೆಗೂ ಧೂಳು ಮೆತ್ತಿಕೊಂಡ ಮುಖದಲ್ಲಿ, ಒಂದಿನ ನಾವಿಬ್ಬರೂ ಹೀಗೆ ಹೋಗೋಣ ಎನ್ನುತ್ತಿದ್ದಳು. ಅವಳು ಮದುವೆಯಾಗಿ ಹೋದದ್ದು ಆಲೂರು ತಾಲ್ಲೂಕಿನ ಮಗ್ಗೆಗೆ. ಗದ್ದೆ, ಶುಂಠಿ, ದನ, ಬಂದುಹೋಗುವ ನೆಂಟರು, ಇವುಗಳ ನಡುವೆ ಅವಳು ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಸೀಟಿನ ಮೇಲೂ ಒಮ್ಮೆ ಕೂರಲಿಲ್ಲ. ನಾನು ಕಾರು ತಂದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅವಳು ಬಣ್ಣ ಯಾವುದು ಎಂದು ಕೇಳಿದಳು. ಬಂದು ಕೂತು ನೋಡು ಎಂದೆ. ಶುಂಠಿ ಕೀಳೋದು ಮುಗೀಲಿ ಎಂದಳು.

ಇನ್ನು ಕಾರಿನ ವಿಷಯಕ್ಕೆ ಬರುತ್ತೇನೆ. ಮಾರಿದವರು ಹಾಸನದ ಕಡೆಯ ಒಬ್ಬ ಸಭ್ಯ ಗೃಹಸ್ಥರು. ನಯವಾದ ಮಾತು, ಹಣೆಯಲ್ಲಿ ಕುಂಕುಮ. ಅವರ ಬಳಿ ಸಕಲ ರೋಗಗಳಿಗೂ ಒಂದೇ ಉತ್ತರವಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬರುತ್ತದಲ್ಲ ಎಂದರೆ, ಹಳೇ ಗಾಡಿ ಅಲ್ವಾ, ಅದು ಹಂಗೇ. ನಿಂತಲ್ಲಿ ನಿಂತಾಗ ಎಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು, ಇನ್ನೇನು ಆಫ್ ಆಗುವಂತೆ ತೊದಲುತ್ತದಲ್ಲ ಎಂದರೆ, ಸ್ಪೋರ್ಟ್ಸ್ ಗಾಡಿ, ಅದು ಹಂಗೇ. ಬಾನೆಟ್ಟಿನೊಳಗಿಂದ ಸುಟ್ಟ ಎಣ್ಣೆಯ ವಾಸನೆ ಎಂದರೆ, ಸ್ವಲ್ಪ ಎಣ್ಣೆ ಕುಡೀತದೆ ಅಷ್ಟೇ ಎಂದು ಕಣ್ಣು ಮಿಟುಕಿಸಿದರು. ನಮ್ಮ ಕಡೆ ಎಣ್ಣೆ ಎಂದರೆ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಎಣ್ಣೆ ಹಾಕುವವರನ್ನು ಕ್ಷಮಿಸಿ ಕ್ಷಮಿಸಿ ಅಭ್ಯಾಸವಾದ ಸಮಾಜಕ್ಕೆ, ಎಣ್ಣೆ ಕುಡಿಯುವ ಎಂಜಿನ್ನನ್ನು ಕ್ಷಮಿಸುವುದು ಕಷ್ಟವೇ? ಬಿಸಿ ತೋರಿಸುವ ಮುಳ್ಳು ತಳದಲ್ಲಿ ಬಿದ್ದುಕೊಂಡು ಏಳುವುದೇ ಇಲ್ಲವಲ್ಲ ಎಂದು ಕೇಳಿದೆ. ಅದಕ್ಕೂ ಅದೇ ಉತ್ತರ ಸಿಕ್ಕಿತು.

ಕನ್ನಡ ಪಾಠ ಹೇಳಿದವಳಿಗೆ ಒಂದು ವಾಕ್ಯ ಮೇಲಿಂದ ಮೇಲೆ ಕಿವಿಗೆ ಬಿದ್ದರೆ ಅದನ್ನು ಬಿಡಿಸಿ ನೋಡುವ ಚಟ. ‘ಅದು ಹಂಗೇ.’ ನೋಡಿ, ಎಂಥ ಭದ್ರವಾದ ವಾಕ್ಯ. ಅದು, ಸರ್ವನಾಮ, ಹಂಗೇ, ಅವ್ಯಯ. ಕ್ರಿಯಾಪದವೇ ಇಲ್ಲ. ಯಾರೂ ಏನನ್ನೂ ಮಾಡಿಲ್ಲ, ಮಾಡುತ್ತಿಲ್ಲ, ಮಾಡಬೇಕಾಗಿಯೂ ಇಲ್ಲ. ಮಾಡಿದವನಿಲ್ಲದ್ದರಿಂದ ತಪ್ಪಿತಸ್ಥನಿಲ್ಲ, ಕಾಲವಿಲ್ಲದ್ದರಿಂದ ಶುರುವೂ ಇಲ್ಲ ಕೊನೆಯೂ ಇಲ್ಲ. ರಸ್ತೆಯ ಹೊಂಡ, ಕರೆಂಟಿನ ಕಣ್ಣಾಮುಚ್ಚಾಲೆ, ಗದ್ದೆಗೆ ನುಗ್ಗುವ ಆನೆ, ಹೆಂಡತಿಗೆ ಹೊಡೆಯುವ ಗಂಡ, ಎಲ್ಲವನ್ನೂ ಈ ಎರಡು ಪದಗಳೊಳಗೆ ತುರುಕಿ ಮುಚ್ಚಳ ಹಾಕಿ ಅಟ್ಟದ ಮೇಲೆ ಇಟ್ಟುಬಿಡಬಹುದು. ಮೂವತ್ತು ವರ್ಷ ಮಕ್ಕಳಿಗೆ ವಾಕ್ಯವೊಂದಕ್ಕೆ ಕ್ರಿಯಾಪದ ಬೇಕು ಎಂದು ಕಲಿಸಿದೆ. ಊರಿಗೆ ಊರೇ ಕ್ರಿಯಾಪದವಿಲ್ಲದೆ ಆರಾಮಾಗಿತ್ತು.

ಆದರೂ ಕಾರು ಕೊಂಡೆ. ಕೆಂಪು ಬಣ್ಣ ಮನುಷ್ಯರ ಕಿವಿಯನ್ನು ಮಂದ ಮಾಡುತ್ತದೆ.

ಕೆಲವು ವಾರ ಅದು ನನ್ನನ್ನು ಸಹಿಸಿಕೊಂಡಿತು. ಆಮೇಲೆ ಒಂದು ಮಧ್ಯಾಹ್ನ, ಶಿರಾಡಿ ಘಾಟಿಯನ್ನು ಹತ್ತಿ ಬರುವಾಗ, ಲಾರಿಗಳ ಸಾಲಿನ ಹಿಂದೆ ಉಸಿರು ಬಿಗಿಹಿಡಿದು ತೆವಳಿ ತೆವಳಿ, ಮಾರನಹಳ್ಳಿ ಇನ್ನೇನು ಬಂತು ಎನ್ನುವಾಗ ಕಾರಿನ ಬಲ ಇಳಿಯಿತು. ಎಷ್ಟು ತುಳಿದರೂ ಮೇಲೇಳುವುದಿಲ್ಲ, ಒಳಗಿಂದ ಟಕಟಕ ಸದ್ದು, ಆಮೇಲೆ ಬಾನೆಟ್ಟಿನ ಅಂಚಿನಿಂದ ಬಿಳಿಯ ಆವಿ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದೆ. ಲಾರಿಯವರು ಹಾರ್ನ್ ಹೊಡೆದುಕೊಂಡು ಹೋದರು. ಒಬ್ಬ ಕಿಟಕಿಯಿಂದ ಇಣುಕಿ ಯಜಮಾನರು ಇಲ್ವಾ ಎಂದು ಕೇಳಿ ಮುಂದೆ ಹೋದ. ಯಜಮಾನರು ಬಂದು ರೇಡಿಯೇಟರನ್ನು ಗದರಿಸುತ್ತಾರೆ ಎಂದುಕೊಂಡನೋ ಏನೋ. ಮುಳ್ಳು ಮಾತ್ರ ಯಥಾಪ್ರಕಾರ ತಳದಲ್ಲಿ ಮಲಗಿ, ಎಂಜಿನ್ನು ತಣ್ಣಗಿದೆ ಎಂದು ಸಾರುತ್ತಿತ್ತು.

ಕೂತು ಕೂತು ಬೇಸರವಾಗಿ ಡ್ಯಾಶ್‌ಬೋರ್ಡನ್ನು ನೋಡುತ್ತಿದ್ದೆ. ವೇಗದ ಮೀಟರಿನ ಬಲಗಡೆ, ಕೆಳಗೆ, ಒಂದು ಕಪ್ಪು ಚೌಕ. ಇಷ್ಟು ದಿನ ಅದನ್ನು ನಾನು ಕಾರಿನ ವಿನ್ಯಾಸವೆಂದೇ ತಿಳಿದಿದ್ದೆ. ಆ ದಿನದ ಬಿಸಿಲಿಗೆ ಅದರ ಒಂದು ಮೂಲೆ ಮೇಲೆದ್ದಿತ್ತು. ಉಗುರು ಹಾಕಿ ಎಳೆದೆ. ಅಂಟಿನ ಎಳೆಯೊಡನೆ ಮೆಲ್ಲಗೆ ಬಂತು. ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಮಿಕ್ಕ ದೀಪಗಳು ಹತ್ತಿ ಆರಿದವು. ಟೇಪಿನ ಕೆಳಗೆ, ಎಂಜಿನ್ನಿನ ಆಕಾರದ ಒಂದು ಪುಟ್ಟ ಹಳದಿ ದೀಪ ಆರದೆ ಉರಿಯುತ್ತಿತ್ತು. ಎಷ್ಟು ಕಾಲದಿಂದ ಕತ್ತಲಲ್ಲಿ ಉರಿಯುತ್ತಿತ್ತೋ. ನನಗೆ ಬಂದ ಸಿಟ್ಟಿಗೆ ಘಾಟಿಯ ಬಿಸಿಲು ಏನೂ ಅಲ್ಲ.

ಕಾರನ್ನು ಕಟ್ಟಿ ಎಳೆಸಿಕೊಂಡು ಸಕಲೇಶಪುರದ ಅನ್ವರನ ಗ್ಯಾರೇಜಿಗೆ ತಂದೆ. ಅನ್ವರ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಸಂಧಿಗಳನ್ನೆಲ್ಲ ಅದಲುಬದಲು ಮಾಡಿ, ನಗುನಗುತ್ತಾ ಏಟು ತಿಂದು, ಈಗ ಪೇಟೆಯ ಅರ್ಧ ಜೀಪುಗಳಿಗೆ ದಿಕ್ಕಾದವನು. ಮಾತು ಜಾಸ್ತಿ, ಆತ್ಮವಿಶ್ವಾಸ ಅದಕ್ಕಿಂತ ಜಾಸ್ತಿ. ಬಾನೆಟ್ ತೆಗೆದು ಕೈಯಾಡಿಸಿ, ಸಂತೋಷದಿಂದಲೇ, ಯಾರೋ ಎಲ್ಲ ಡೈರೆಕ್ಟ್ ಮಾಡಿದಾರೆ ಮೇಡಂ ಎಂದ.

ಡೈರೆಕ್ಟ್ ಎಂಬುದು ನಮ್ಮ ಸೀಮೆಯ ಗ್ಯಾರೇಜುಗಳ ಮೂಲಮಂತ್ರ. ಯಾವುದಾದರೂ ಭಾಗ ಕೈಕೊಟ್ಟರೆ ಅದನ್ನು ಸರಿಮಾಡುವ ಬದಲು ಕಿತ್ತುಹಾಕಿ, ಅದರ ಹಿಂದಿನದನ್ನೂ ಮುಂದಿನದನ್ನೂ ನೇರವಾಗಿ ಜೋಡಿಸಿಬಿಡುವುದಕ್ಕೆ ಡೈರೆಕ್ಟ್ ಮಾಡುವುದು ಎನ್ನುತ್ತಾರೆ. ನನ್ನ ಕಾರಿನಲ್ಲಿ ಅದರ ಇಡೀ ಪುರಾಣವಿತ್ತು. ಎಂಜಿನ್ನು ತಣ್ಣಗಿರುವಾಗ ನೀರನ್ನು ತಡೆದಿಟ್ಟು, ಕಾದ ಮೇಲೆ ರೇಡಿಯೇಟರಿಗೆ ಬಿಡುವ ಪುಟ್ಟ ಕವಾಟವೊಂದು ಇರುತ್ತದೆ, ಥರ್ಮೋಸ್ಟಾಟ್ ಎಂದು. ಅದನ್ನು ಯಾರೋ ಕಿತ್ತು ಬಿಸಾಡಿದ್ದರು. ಬಿಸಿಯನ್ನು ಅಳೆಯುವ ಸೆನ್ಸರಿನ ವೈರನ್ನು ಬಿಚ್ಚಿದ್ದರು. ಫ್ಯಾನನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದ್ದರು, ಸದಾ ತಿರುಗುತ್ತಿರಲಿ ಎಂದು. ವೈರು ಬಿಚ್ಚಿದ್ದರಿಂದ ಮುಳ್ಳು ಸತ್ತಿತು, ಮುಳ್ಳಿನೊಂದಿಗೆ ಹಳದಿ ದೀಪ ಹತ್ತಿಕೊಂಡಿತು. ದೀಪವನ್ನು ಏನು ಮಾಡುವುದು? ಟೇಪು ಅಂಟಿಸಿದರು.

ಎಲ್ಲವನ್ನೂ ಮೊದಲಿದ್ದಂತೆ ಮಾಡು ಎಂದೆ. ಅನ್ವರನಿಗೆ ಅರ್ಥವಾಗಲಿಲ್ಲ. ಡೈರೆಕ್ಟೇ ಒಳ್ಳೇದು, ನಮ್ಮ ಹವಾಕ್ಕೆ ಅದೆಲ್ಲ ಬೇಡ, ನಾನೂ ಎಷ್ಟೋ ಗಾಡಿಗೆ ಹಾಗೆ ಮಾಡಿದ್ದೇನೆ ಎಂದು ವಾದಿಸಿದ. ನಾನು ದನಿಯೇರಿಸಿದೆ. ಅವನು ನಕ್ಕು ನನ್ನ ಪಾಠವನ್ನು ನನಗೇ ತಿರುಗಿಸಿದ.

“ನೀವೇ ಕಲಿಸಿದ್ದಲ್ವಾ ಮೇಡಂ, ಲೋಪಸಂಧಿ ಅಂತ. ಮಧ್ಯದ್ದು ತೆಗೆದ್ರೆ ಅಕ್ಕಪಕ್ಕದ್ದು ಸೇರ್ಕೊಳ್ತವೆ.”

ನಗು ಬಂತು, ಸಿಟ್ಟೂ ಬಂತು. ಊರು ಎನ್ನುವುದಕ್ಕೆ ಅಲ್ಲಿ ಎನ್ನುವುದನ್ನು ಸೇರಿಸಿದರೆ ಊರಲ್ಲಿ ಆಗುತ್ತದೆ, ನಡುವಿನ ಒಂದು ಸ್ವರ ಲೋಪವಾಗುತ್ತದೆ. ಆದರೆ ಹಾಗೆ ಲೋಪವಾಗುವುದು ಅರ್ಥ ಕೆಡದ ಪಕ್ಷದಲ್ಲಿ ಮಾತ್ರ ಎಂಬ ನಿಯಮವನ್ನು ಅವನು ಅಂದೂ ಕೇಳಿಸಿಕೊಂಡಿರಲಿಲ್ಲ, ಇಂದೂ ಇಲ್ಲ. ಅರ್ಥ ಕೆಡುತ್ತದೆ ಕಣೋ, ಘಾಟಿಯಲ್ಲಿ ಕೆಟ್ಟಿತಲ್ಲ ಎಂದೆ. ಕಾರು ಮಾರಿದವರನ್ನೂ ಡೈರೆಕ್ಟ್ ಮಾಡಿದವರನ್ನೂ ಒಟ್ಟಿಗೆ ಸೇರಿಸಿ ಬೈದೆ. ಅಷ್ಟು ಹೊತ್ತು ನಗುತ್ತಿದ್ದವನು ಆಗ ಸ್ಪ್ಯಾನರನ್ನು ಕೆಳಗಿಟ್ಟ. ಅವನಿಗೂ ಸಿಟ್ಟು ಬಂದಿತ್ತು.

“ನಮ್ಮನ್ಯಾಕೆ ಬೈತೀರಾ ಮೇಡಂ. ದೀಪ ಆರ್‍ಸಿ ಕೊಡು ಅಂತ ಬರ್ತಾರೆ. ಯಾಕ್ ಉರೀತಾ ಐತೆ ನೋಡು ಅಂತ ಇವತ್ತಿನವರ್ಗೂ ಒಬ್ರೂ ಹೇಳಿಲ್ಲ.”

ಒಂದು ವಿಷಯವನ್ನು ಒಪ್ಪಲೇಬೇಕು, ಒಮ್ಮೆ ಒಪ್ಪಿಕೊಂಡ ಮೇಲೆ ಅನ್ವರ ಜಗಳದಷ್ಟೇ ಹುಮ್ಮಸ್ಸಿನಿಂದ ಕೆಲಸ ಮಾಡಿದ. ಎಲ್ಲಿಂದಲೋ ಥರ್ಮೋಸ್ಟಾಟ್ ತರಿಸಿದ. ಕೊಳಾಯಿಯ ನೀರು ಹಾಕಿ ಹಾಕಿ ಒಳಗೆಲ್ಲ ತುಕ್ಕು ಕಟ್ಟಿದ್ದ ರೇಡಿಯೇಟರನ್ನು ಬದಲಿಸಿದ. ಎಂಜಿನ್ನು ತೊದಲುತ್ತಿದ್ದುದು ಸ್ಪೋರ್ಟ್ಸ್ ಗಾಡಿಯ ಗತ್ತಿನಿಂದಲ್ಲ, ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯಿಂದ ಕಳ್ಳಗಾಳಿ ನುಗ್ಗುತ್ತಿದ್ದುದರಿಂದ. ಸುಟ್ಟ ವಾಸನೆ ಬರುತ್ತಿದ್ದುದು, ಮೇಲಿನ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ, ಗ್ಯಾಸ್ಕೆಟ್, ಒಣಗಿ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತಿದ್ದುದರಿಂದ. ನೀಲಿ ಹೊಗೆ, ಸವೆದ ವಾಲ್ವ್ ಸೀಲುಗಳಿಂದ ಒಳಗೆ ಸೋರಿ ಉರಿಯುತ್ತಿದ್ದ ಎಣ್ಣೆಯದು. ನೋಡಿದಿರಾ? ಪ್ರತಿಯೊಂದು ‘ಅದು ಹಂಗೇ’ಗೂ ಒಂದು ‘ಯಾಕೆಂದರೆ’ ಇತ್ತು, ಬಹಳ ಸಲ ಅಂಗೈಯಲ್ಲಿ ಹಿಡಿಯುವಷ್ಟೇ ಚಿಕ್ಕದು. ವಯಸ್ಸಾಯಿತು ಎನ್ನುವುದು ಕಾರಣವಲ್ಲ, ಕಾರಣ ಹುಡುಕುವ ಸೋಮಾರಿತನಕ್ಕೆ ಇಟ್ಟ ಗೌರವದ ಹೆಸರು.

ಕೊನೆಗೆ ಎಂಜಿನ್ನಿನ ತಲೆಭಾಗವನ್ನು, ಅವನ ಮಾತಿನಲ್ಲಿ ಹೆಡ್ಡನ್ನು, ಬಿಚ್ಚಿದಾಗ ಅನ್ವರ ನನ್ನನ್ನು ಹತ್ತಿರ ಕರೆದ. ಉಕ್ಕಿನ ಪಟ್ಟಿಯೊಂದನ್ನು ಅಡ್ಡ ಇಟ್ಟು, ಅದರ ಕೆಳಗೆ ಬೆಳಕು ತೂರಿ ಬರುವುದನ್ನು ನನಗೆ ತೋರಿಸಿದ. ಸಮತಟ್ಟಾಗಿರಬೇಕಾದ ಲೋಹ ಬಾಗಿತ್ತು.

“ಇದು ಘಾಟೀಲಿ ಆಗಿದ್ದಲ್ಲ ಮೇಡಂ. ಮೊದ್ಲೇ ಒಂದ್ಸಲ ಬೆಂದೈತೆ. ಯಾರೂ ನೋಡ್ದಂಗೆ ಮುಚ್ಬುಟ್ಟವ್ರೆ.”

ಮತ್ತೆ ಮಟ್ಟಸ ಮಾಡಿಸಬಹುದು, ಆದರೆ ಮೊದಲಿನ ಗಟ್ಟಿತನ ಬರುವುದಿಲ್ಲ, ಇನ್ನು ಅದನ್ನು ನೋಡಿಕೊಂಡು ಓಡಿಸಬೇಕು ಎಂದ. ನೋಡಿಕೊಂಡು ಓಡಿಸುವುದಕ್ಕೇ ಅಲ್ಲವೇ ಅದರಲ್ಲಿ ದೀಪ ಇಟ್ಟದ್ದು. ಆ ಟೇಪಿನ ಚೂರನ್ನು ನಾನು ಮನೆಗೆ ತಂದು ಫ್ರಿಜ್ಜಿಗೆ ಅಂಟಿಸಿದ್ದು ಅವತ್ತೇ. ಅವತ್ತಿಗೆ ಅದು ಬರೀ ಕಾರಿನ ಸಿಟ್ಟಾಗಿತ್ತು.

ರಿಪೇರಿಯಾದ ಕಾರು ನಿಜಕ್ಕೂ ಬೇರೆ ಪ್ರಾಣಿ. ಎಂಜಿನ್ನು ನಿಂತಲ್ಲಿ ಒಂದೇ ದನಿಯಲ್ಲಿ ಗುನುಗುತ್ತಿತ್ತು. ಮುಳ್ಳು ಮೆಲ್ಲಗೆ ಎದ್ದು ಅರ್ಧಕ್ಕೆ ಬಂದು, ತನ್ನ ಜಾಗ ಇದೇ ಎಂಬಂತೆ ನಿಲ್ಲುತ್ತಿತ್ತು. ಆ ಮುಳ್ಳನ್ನು ನೋಡುವುದೇ ನನಗೊಂದು ಸುಖವಾಯಿತು. ಅಕ್ಕನಿಗೆ ತೋರಿಸಬೇಕೆನಿಸಿತು. ಫೋನು ಮಾಡಿದರೆ ಅವಳು ಮತ್ತೆ ಏನೋ ನೆವ ಹೇಳಿದಳು, ದನಿ ಸಣ್ಣಗಿತ್ತು. ಏನಾಗಿದೆ ಎಂದರೆ ಏನಿಲ್ಲ ಕಣೇ, ಗ್ಯಾಸ್ಟ್ರಿಕ್ ಎಂದಳು. ನೀನು ಬರುವವಳಲ್ಲದಿದ್ದರೆ ನಾನೇ ಬರುತ್ತೇನೆ ಎಂದು ಒಂದು ಬೆಳಿಗ್ಗೆ ಮಗ್ಗೆಗೆ ಹೊರಟೆ.

ಗ್ಯಾಸ್ಟ್ರಿಕ್ ಎಂಬ ಪದದ ಬಗ್ಗೆಯೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮೂಲದಲ್ಲಿ ಅದು ಬಡಪಾಯಿ ವಿಶೇಷಣ, ಹೊಟ್ಟೆಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ನಮ್ಮ ಜಿಲ್ಲೆಗೆ ಬಂದು ಅದು ನಾಮಪದವಾಗಿ, ರೋಗವಾಗಿ, ಮನೆಮನೆಯ ನೆಂಟನಾಗಿ ಕೂತಿದೆ. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ, ಕೈ ಜೋಮು ಹಿಡಿದರೆ, ಬೆವರಿದರೆ ಗ್ಯಾಸ್ಟ್ರಿಕ್. ಅದರಲ್ಲೂ ಹೆಂಗಸರಿಗೆ ಬೇರೆ ಕಾಯಿಲೆ ಬರುವ ಹಕ್ಕೇ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಅದಕ್ಕೇ, ಎಂದು ತೀರ್ಪು ಕೊಟ್ಟು ಒಂದು ಸೋಡಾ, ಒಂದು ಮಾತ್ರೆ. ಹೊತ್ತಿಗೆ ಸರಿಯಾಗಿ ಅವಳು ಯಾಕೆ ಉಣ್ಣುವುದಿಲ್ಲ ಎಂದು ಕೇಳುವವರು ಯಾರೂ ಇಲ್ಲ.

ನಾನು ಮಗ್ಗೆಯ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅಕ್ಕ ಕೊಟ್ಟಿಗೆಯಿಂದ ಹಾಲಿನ ಚೆಂಬು ಹಿಡಿದು ಬರುತ್ತಿದ್ದಳು. ಕಾರನ್ನು ನೋಡಿ ಅವಳ ಮುಖ ಅರಳಿತು. ಎರಡು ಹೆಜ್ಜೆ ಬೇಗ ಹಾಕಿದಳು, ನಿಂತಳು, ಜಗಲಿಯ ಕಂಬ ಹಿಡಿದುಕೊಂಡಳು. ಕಂಬ ಹಿಡಿದುಕೊಂಡೇ ನನ್ನನ್ನು ನೋಡಿ ನಕ್ಕಳು. ಚಳಿಗಾಲದ ಆ ಬೆಳಿಗ್ಗೆ, ನನಗೇ ಸ್ವೆಟರ್ ಬೇಕಾಗಿದ್ದ ಹೊತ್ತಿನಲ್ಲಿ, ಅವಳ ಮೇಲ್ದುಟಿಯ ಮೇಲೆ ಬೆವರಿತ್ತು.

ಭಾವ ಹೊರಗೆ ಬಂದರು. ಕೆಟ್ಟವರಲ್ಲ, ಅಕ್ಕನಿಗೆ ಒಂದು ದಿನವೂ ದನಿಯೇರಿಸಿದವರಲ್ಲ. ನಾನು ಅಕ್ಕನ ಕಡೆ ಕೈ ತೋರಿಸಿ ಏನಿದು ಎಂದು ಕೇಳಿದ್ದಕ್ಕೆ ಅವರು ಗಾಬರಿಯೇನೂ ಇಲ್ಲದೆ, ಗೌರಿ ಹಬ್ಬದಿಂದ ಶುರುವಾಗಿದ್ದು, ಅವತ್ತು ಜಾಸ್ತಿಯೇ ಆಗಿತ್ತು, ಎದೆ ಹಿಡಿದುಕೊಂಡು ಬೆವೆತು ನೀರಾಗಿದ್ದಳು, ಸೋಡಾಕ್ಕೆ ಜೀರಿಗೆ ಹಾಕಿ ಕೊಟ್ಟ ಮೇಲೆ ಎದ್ದು ಎಲ್ಲರಿಗೂ ಬಡಿಸಿದಳು, ಈಗ ಓಡಾಡಿದರೆ ಸ್ವಲ್ಪ ಸುಸ್ತು ಎಂದು ವಿವರಿಸಿದರು. ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ ಮಾತ್ರೆಯ ಹಾಳೆಯನ್ನೂ ತೋರಿಸಿದರು; ತಾವೂ ಅದನ್ನೇ ನುಂಗುವುದಂತೆ. ಆಮೇಲೆ ಆ ವಾಕ್ಯ ಬಂತು.

“ವಯಸ್ಸಾಯ್ತಲ್ಲ ಸುಮಾ. ಅದು ಹಂಗೇ.”

ನನ್ನ ಕಣ್ಣ ಮುಂದೆ ಟೇಪು ಬಂದು ನಿಂತಿತು. ನಾನು ಕೂಗಾಡಿದೆನೆಂದು ಭಾವ ಇವತ್ತಿಗೂ ಹೇಳುತ್ತಾರೆ, ನನಗೆ ನೆನಪಿಲ್ಲ. ನೆನಪಿರುವುದು, ಹಾಲಿನ ಚೆಂಬನ್ನು ಅವಳ ಕೈಯಿಂದ ಕಿತ್ತು ಜಗಲಿಯ ಮೇಲೆ ಇಟ್ಟದ್ದು, ಸೀರೆಯನ್ನೂ ಬದಲಿಸಲು ಬಿಡದೆ ಅವಳನ್ನು ಕಾರಿನ ಹತ್ತಿರ ನಡೆಸಿಕೊಂಡು ಹೋದದ್ದು. ಆ ಕಾರಿನೊಳಗೆ ಕೂರುವುದೆಂದರೆ ಬಾವಿಗಿಳಿದಂತೆ. ಅಕ್ಕ ಬಾಗಿಲಿನ ಚೌಕಟ್ಟನ್ನು ಹಿಡಿದು ಕಷ್ಟಪಟ್ಟು ಇಳಿದು ಕೂತು, ಇದೇನೇ ನೆಲದ್ ಮೇಲೇ ಕೂತಂಗೈತೆ ಎಂದಳು. ಭಾವ ಬಸ್ಸಿಗೆ ಬರುತ್ತೇನೆಂದರು. ಕಾರಿನಲ್ಲಿ ಅವರಿಗೆ ಜಾಗವಿರಲಿಲ್ಲ. ಆ ಹೊತ್ತಿಗೆ ಅದೂ ಒಳ್ಳೆಯದೇ ಆಯಿತು.

ಆಲೂರು ದಾಟಿ ಹಾಸನದ ದಾರಿ ಹಿಡಿದೆ. ಬಾಲ್ಯದಲ್ಲಿ ಕಟ್ಟೆಯ ಮೇಲೆ ಕಂಡ ಕನಸು ಹೀಗೆ ನನಸಾಗಬೇಕೇ ಎಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ನನ್ನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಮುಳ್ಳಿನ ಮೇಲೆ, ಇರದ ಮೂರನೆಯದು ಅಕ್ಕನ ಮುಖದ ಮೇಲೆ. ಮುಳ್ಳು ಅರ್ಧದಲ್ಲೇ ನಿಂತಿತ್ತು. ಆ ಮುದಿ ಎಂಜಿನ್ನು ಅವತ್ತು ನಮ್ಮ ಮಾನ ಕಾಪಾಡಿತು. ಅಕ್ಕ ಕಿಟಕಿಯ ಗಾಜು ಇಳಿಸಿ, ಕಣ್ಣು ಮುಚ್ಚಿ, ಮುಖವನ್ನು ಗಾಳಿಗೆ ಕೊಟ್ಟಳು. ಸ್ವಲ್ಪ ಜೋರಾಗಿ ಹೋಗು ಎಂದಳು. ಹೋದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇ.ಸಿ.ಜಿ.ಯ ಕಾಗದವನ್ನು ನೋಡಿ, ಎದೆಯ ಸ್ಕ್ಯಾನನ್ನು ನೋಡಿ, ನಮ್ಮನ್ನು ಕೂರಿಸಿಕೊಂಡು ಹೇಳಿದ ಮಾತು ಕೇಳಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಇದು ಮೊದಲೇ ಒಂದು ಸಲ ಆಗಿಹೋಗಿದೆ, ಯಾರೂ ನೋಡಿಲ್ಲ ಎಂದರು. ಗೌರಿ ಹಬ್ಬದ ದಿನ ಅಕ್ಕನಿಗೆ ಆದದ್ದು ಹೃದಯಾಘಾತ. ಹೃದಯದ ಒಂದು ಪಾಲು ಅವತ್ತೇ ಸತ್ತಿತ್ತು. ಅದು ಇನ್ನು ಬಡಿಯುವುದಿಲ್ಲ. ಇನ್ನೊಂದು ರಕ್ತನಾಳ ಕಟ್ಟಿಕೊಳ್ಳುತ್ತಿದೆ, ಅದಕ್ಕೆ ತಕ್ಷಣ ಸ್ಟೆಂಟ್ ಹಾಕಬೇಕು. ಹೃದಯದ ಸತ್ತ ಪಾಲನ್ನು ಹೊತ್ತುಕೊಂಡು ಅವಳು ಎದ್ದು, ಸೆರಗು ಸಿಕ್ಕಿಸಿ, ಬಂದವರಿಗೆಲ್ಲ ಹೋಳಿಗೆ ಬಡಿಸಿ, ತುಪ್ಪ ಸಾಕಾ ಎಂದು ಕೇಳಿದ್ದಳು. ಉಂಡವರಲ್ಲಿ ಓದಿದವರಿದ್ದರು, ಊರಾಳುವವರಿದ್ದರು, ಅವಳ ಮುಖವನ್ನು ನೋಡಿದ ಒಬ್ಬರಿಗೂ ಎಲೆಯಿಂದ ಕೈ ಎತ್ತಬೇಕೆನಿಸಲಿಲ್ಲ. ನನ್ನ ಸಿಟ್ಟು ಇನ್ನೂ ಆರಿಲ್ಲ ಎಂದೆನಲ್ಲ, ಅದು ಈ ಸಿಟ್ಟು.

ಸ್ಟೆಂಟ್ ಹಾಕಿದ ಮರುದಿನ ಅವಳ ಹಾಸಿಗೆಯ ಪಕ್ಕದಲ್ಲಿ ಕೂತಿದ್ದೆ. ಎಲ್ಲರ ಮೇಲಿನ ಕೋಪವನ್ನೂ ಅವಳ ಮೇಲೇ ತೀರಿಸಿಕೊಳ್ಳುವವಳಂತೆ, ಅಷ್ಟು ಆಗುವವರೆಗೆ ಬಾಯಿ ಬಿಟ್ಟು ಹೇಳಬಾರದಿತ್ತೇನೇ ಎಂದು ಕೇಳಿದೆ. ಅಕ್ಕ ಚಾವಣಿಯ ಫ್ಯಾನನ್ನು ನೋಡುತ್ತಿದ್ದಳು.

“ಹೇಳ್ದೆ ಕಣೇ,” ಎಂದಳು. “ಸೋಡಾ ಕೊಟ್ರು.”

ಡೈರೆಕ್ಟ್ ಮಾಡುವುದು ಗ್ಯಾರೇಜಿನ ವಿದ್ಯೆಯೆಂದು ನಾನು ತಿಳಿದಿದ್ದೆ. ಅಲ್ಲ. ಅದು ನಮ್ಮ ಮನೆಗಳ ವಿದ್ಯೆ, ಗ್ಯಾರೇಜಿಗೆ ಹೋದದ್ದು ಆಮೇಲೆ. ನೋವಿಗೂ ಕೆಲಸಕ್ಕೂ ನಡುವೆ ಇರಬೇಕಾದ ಒಂದು ನಿಲುಗಡೆಯನ್ನು ಕಿತ್ತುಹಾಕಿ, ಹಾಸಿಗೆಯನ್ನೂ ಒಲೆಯನ್ನೂ ನೇರ ಜೋಡಿಸಿ, ಹೆಂಗಸರನ್ನು ಓಡಿಸುತ್ತೇವೆ. ಅವಳು ನರಳಿದರೆ ಅದಕ್ಕೊಂದು ಹೆಸರಿನ ಚೂರು ಅಂಟಿಸುತ್ತೇವೆ: ಗ್ಯಾಸ್ಟ್ರಿಕ್, ಸುಸ್ತು, ವಯಸ್ಸು, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಆಮೇಲೆ ಒಂದು ದಿನ ಘಾಟಿಯಲ್ಲಿ ನಿಂತುಬಿಟ್ಟಾಗ, ನಿನ್ನೆಯವರೆಗೂ ಚೆನ್ನಾಗಿದ್ದಳಲ್ಲ ಎಂದು ಅಚ್ಚರಿಪಡುತ್ತೇವೆ. ಭಾವ ಈಗ ಅಕ್ಕನ ಮಾತ್ರೆಗಳನ್ನು ಹೊತ್ತುಹೊತ್ತಿಗೆ ತಾವೇ ತೆಗೆದು ಕೊಡುತ್ತಾರೆ, ಕೊಡುವಾಗ ಅವಳ ಮುಖ ನೋಡುತ್ತಾರೆ. ಒಳ್ಳೆಯದು. ಆದರೆ ಸತ್ತ ಪಾಲು ಸತ್ತದ್ದೇ, ಅದನ್ನು ನಾನು ಅವರ ಎದುರಿಗೇ ಹೇಳುತ್ತೇನೆ, ಅವರು ತಲೆ ತಗ್ಗಿಸುತ್ತಾರೆ, ಅದರಿಂದ ನನಗೆ ಸಮಾಧಾನವೂ ಆಗುವುದಿಲ್ಲ.

ಕಾಫಿ ಹೂ ಬಿಟ್ಟ ಮೇಲೆ, ಡಾಕ್ಟರು ಪ್ರಯಾಣ ಮಾಡಬಹುದು ಎಂದಾಗ, ಅಕ್ಕನೇ ಫೋನು ಮಾಡಿ ಕರೆದುಕೊಂಡು ಹೋಗು ಎಂದಳು. ಸ್ಟೋರಿನ ಮುಂದಿನ ಆ ಕಟ್ಟೆ ಇನ್ನೂ ಇದೆಯಾ ನೋಡಬೇಕಂತೆ. ಈ ಸಲ ಒಳ್ಳೆಯ ಸೀರೆ ಉಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾವಿಗಿಳಿಯುವ ಕ್ರಮ ಕಲಿತವಳಂತೆ ಇಳಿದು ಕೂತಳು. ಸಕಲೇಶಪುರ ದಾಟಿ ಹಾನುಬಾಳಿನ ರಸ್ತೆಗೆ ತಿರುಗಿ, ಎರಡೂ ಕಡೆ ಹೂವಿನ ವಾಸನೆಯ ನಡುವೆ ಏರುತ್ತಿದ್ದೆವು. ಆಗ, ವೇಗದ ಮೀಟರಿನ ಬಲಗಡೆ, ಕೆಳಗೆ, ಆ ಹಳದಿ ದೀಪ ಹತ್ತಿಕೊಂಡಿತು.

ಮುಳ್ಳು ಸರಿಯಾಗಿತ್ತು, ಸದ್ದು ಸರಿಯಾಗಿತ್ತು. ಕಟ್ಟೆ ಇನ್ನು ಸ್ವಲ್ಪವೇ ದೂರ. ಅದೇನೇ ಉರೀತಾ ಐತೆ ಎಂದು ಅಕ್ಕ ಕೇಳಿದಳು. ಹಳೇ ಗಾಡಿ ಅಲ್ವಾ ಅಕ್ಕ ಎಂದು ನನ್ನ ಬಾಯಿ, ನನ್ನನ್ನು ಕೇಳದೆ, ಶುರುಮಾಡಿತು. ಇಷ್ಟೆಲ್ಲ ಆದ ಮೇಲೂ ಆ ವಾಕ್ಯ ನಾಲಿಗೆಯ ತುದಿಯಲ್ಲೇ ಕೂತಿತ್ತು ನೋಡಿ. ಅಕ್ಕ ನನ್ನ ಮುಖ ನೋಡಿದಳು. ನಿಲ್ಸು ಎಂದಳು.

ನಿಲ್ಲಿಸಿದೆ. ಬಾನೆಟ್ ಎತ್ತಿ ಅನ್ವರನಿಗೆ ಫೋನು ಮಾಡಿದೆ. ಮುಟ್ಟಬೇಡಿ ಮೇಡಂ, ನಾನೇ ಬರುತ್ತೇನೆ ಎಂದ. ಅಕ್ಕ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಟವೆಲ್ ಹಾಸಿ ಕೂತಳು. ಎಸ್ಟೇಟಿನಲ್ಲಿ ಆಳುಗಳನ್ನು ಬಿಟ್ಟು ಬರುತ್ತಿದ್ದ ಜೀಪೊಂದು ನಿಂತಿತು. ಡ್ರೈವರ್ ಒಳ್ಳೆಯ ಮನುಷ್ಯ, ಇಳಿದು ಬಂದು ಇಣುಕಿ ನೋಡಿ, ದೀಪವೊಂದೇ ತಾನೇ, ಗಾಡಿ ಓಡುತ್ತದಲ್ಲ, ಇದಕ್ಕೆಲ್ಲ ಬಿಸಿಲಲ್ಲಿ ಯಾಕೆ ಕೂತಿದ್ದೀರಿ ಎಂದು ನಮ್ಮ ಬಗ್ಗೆ ಮರುಗಿದ. ಆಮೇಲೆ ಜೀಪಿನಿಂದ ಒಂದು ಕಪ್ಪು ಟೇಪಿನ ಸುರುಳಿ ತಂದು, ಹಲ್ಲಿನಿಂದ ಒಂದು ಚೂರು ಕಚ್ಚಿ ಹರಿದು, ನೀಡಿದ.

“ಇದ್ನ ದೀಪದ್ ಮ್ಯಾಲೆ ಅಂಟಿಸ್ಬುಡಿ ಅಮ್ಮ. ಕಣ್ಣಿಗೆ ಬೀಳಲ್ಲ, ಆರಾಮಾಗಿ ಹೋಗ್ಬೋದು.”

ಟೇಪಿನ ಕಥೆಯನ್ನು ನನ್ನಿಂದ ಕೇಳಿದ್ದ ಅಕ್ಕ ಆ ಚೂರನ್ನು ನೋಡಿದಳು. ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡಳು.

“ಬ್ಯಾಡ ಕಣಪ್ಪ,” ಎಂದಳು. “ನಂಗೂ ಒಂದ್ಸಲ ಅಂಟ್ಸಿದ್ರು.”

ಅವನಿಗೆ ತಿಳಿಯಲಿಲ್ಲ, ಟೇಪಿನ ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು ನನ್ನ ಮುಖ ನೋಡಿದ. ನಾನು ಅಕ್ಕನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತೆ. ತೆರೆದ ಬಾಗಿಲಿನೊಳಗೆ ದೀಪ ಉರಿಯುತ್ತಲೇ ಇತ್ತು, ನಾವಿಬ್ಬರೂ ಅದನ್ನು ನೋಡುತ್ತಾ ಅನ್ವರನಿಗಾಗಿ ಕಾದೆವು.